ಮೂರು ಮೆಟ್ಟಿಲು ಇಳಿದು ಬಟ್ಟೆ ಒಗೆಯುವ ಜಾಗ: ಶಿಶುಪಾಲನಾ ಕೇಂದ್ರದ ಹಿತ್ತಲನ್ನು ಸರಿಮಾಡುವುದು ಹೇಗೆ?

ಕುಶಾವತಿ ದಂಡೆ
ಜುಲೈ 2, ರಾತ್ರಿ 9:40

ತೀರ್ಥಹಳ್ಳಿಯ ಹತ್ತಿರ ಹಳೆಯ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು ಶಿಶುಪಾಲನಾ ಕೇಂದ್ರ ನಡೆಸುತ್ತಿದ್ದೇನೆ. ಎಂಟು ತಿಂಗಳ ಕೂಸಿನಿಂದ ಹಿಡಿದು ಐದು ವರ್ಷದವರವರೆಗೆ 18 ಮಕ್ಕಳಿದ್ದಾರೆ. ಮುಂದಿನ ಜಗುಲಿಗೆ ಬಣ್ಣ ಬಳಿಸಿದ್ದೇವೆ. ಗೋಡೆಯ ಮೇಲೆ ಆನೆ, ನವಿಲು, ಯಕ್ಷಗಾನದ ಕಿರೀಟ ಎಲ್ಲ ಇವೆ. ಮಕ್ಕಳನ್ನು ಸೇರಿಸಲು ಬಂದವರು ಅದನ್ನು ನೋಡಿ ಮೆಚ್ಚಿಕೊಂಡು ಹೋಗುತ್ತಾರೆ. ಹಿತ್ತಲನ್ನು ತೋರಿಸಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೆ ಸಾಕು ಎಂದು ನಾನೂ ದೇವರನ್ನು ಬೇಡಿಕೊಳ್ಳುತ್ತೇನೆ.

ಹಿತ್ತಲು ಹೇಗಿದೆ ಎಂದರೆ, ಅಡುಗೆಮನೆಯ ಹಿಂಬಾಗಿಲಿಗೆ ಅರ್ಧ ಗೇಣು ಎತ್ತರದ ಹೊಸ್ತಿಲು. ಅದನ್ನು ದಾಟಿ ಒಂಬತ್ತೊಂಬತ್ತು ಇಂಚಿನ ಮೂರು ಮೆಟ್ಟಿಲು ಇಳಿದರೆ ಸಿಮೆಂಟಿನ ಅಂಗಳ, ಮೇಲೆ ತಗಡು. ಅಲ್ಲಿ ಒಗೆಯುವ ಕಲ್ಲು, ನೀರಿನ ತೊಟ್ಟಿ, ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್. ಫಿನಾಯಿಲ್, ಬ್ಲೀಚಿಂಗ್ ಪುಡಿ, ಸೋಪಿನ ಪುಡಿಗಳನ್ನು ಮಕ್ಕಳ ಕೈಗೆ ಸಿಗದಿರಲಿ ಎಂದು ಆರಡಿ ಎತ್ತರದ ಹಲಗೆಯ ಮೇಲೆ ಇಟ್ಟಿದ್ದೇವೆ.

ನಮ್ಮಲ್ಲಿ ಕೆಲಸ ಮಾಡುವ ಮೂವರಲ್ಲಿ ಒಬ್ಬಾಕೆಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೋತಿದೆ. ಊರುಗೋಲು ಹಿಡಿದು ನಡೆಯುತ್ತಾಳೆ. ಮಕ್ಕಳು ಮೊದಲು ಓಡಿಹೋಗುವುದು ಅವಳ ಬಳಿಗೇ. ಇನ್ನೊಬ್ಬರಿಗೆ 58 ವರ್ಷ, ಎರಡೂ ಮಂಡಿ ನೋವು. ಹೋದ ವಾರ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹತ್ತುತ್ತಿದ್ದವಳು ಎರಡನೆಯ ಮೆಟ್ಟಿಲಿನಲ್ಲಿ ಜಾರಿದಳು. ಮೂಳೆ ಮುರಿಯಲಿಲ್ಲ. ಎದ್ದು ಕುಳಿತು ಅವಳು ಮೊದಲು ಹೇಳಿದ್ದು, "ಅಕ್ಕಾ, ಬಟ್ಟೆ ಮತ್ತೆ ಕೆಸರಾಯಿತು."

ಒಂದೂವರೆ ಲಕ್ಷದವರೆಗೆ ಹೊಂದಿಸಬಲ್ಲೆ. ಗೋಡೆ ಒಡೆಯಲು ಮನೆಯ ಯಜಮಾನರು ಒಪ್ಪುವುದಿಲ್ಲ. ಎಲ್ಲಿಂದ ಶುರುಮಾಡಲಿ?

---

ಅಡಿಕೆ ಚೊಗರು
ಜುಲೈ 2, ರಾತ್ರಿ 10:15

ತಪ್ಪು ತಿಳಿಯಬೇಡಿ. ನಮ್ಮ ಅಮ್ಮ ಆರು ಮಕ್ಕಳ ಬಟ್ಟೆಯನ್ನು ಹಳ್ಳಕ್ಕೆ ಇಳಿದು ಒಗೆದು, ಅದೇ ದಿಬ್ಬ ಹತ್ತಿ ಬರುತ್ತಿದ್ದಳು. ಮೂರು ಮೆಟ್ಟಿಲಿಗೆ ಒಂದೂವರೆ ಲಕ್ಷವೆ? ಹಿಡಿದುಕೊಳ್ಳಲು ಒಂದು ಕಬ್ಬಿಣದ ಕಂಬಿ ಹಾಕಿಸಿ, ಮೆಟ್ಟಿಲಿಗೆ ಒರಟು ಕಲ್ಲು ಕೂರಿಸಿ, ಆಯಿತು. ಬಚ್ಚಲ ಒಲೆಯ ಮೇಲೆ ಅಟ್ಟವಿದ್ದರೆ ಬಟ್ಟೆಯನ್ನು ಅಲ್ಲೇ ಹರವಿ. ಆರಿದ್ರಾ ಮಳೆಯಲ್ಲಿ ನಾವೆಲ್ಲ ಹೊಗೆಯ ವಾಸನೆಯ ಅಂಗಿ ತೊಟ್ಟೇ ಶಾಲೆಗೆ ಹೋದವರು.

---

ಗಾಲಿಕುರ್ಚಿಯ ಅಮ್ಮ
ಜುಲೈ 2, ರಾತ್ರಿ 10:52

ಚೊಗರು ಅವರೇ, ನಿಮ್ಮ ತಾಯಿಯವರು ಅರವತ್ತರ ನಂತರ ಹೇಗೆ ನಡೆಯುತ್ತಿದ್ದರು ಎಂಬುದನ್ನೂ ಬರೆದಿದ್ದರೆ ಉತ್ತರ ಪೂರ್ತಿಯಾಗುತ್ತಿತ್ತು.

---

ಅಡಿಕೆ ಚೊಗರು
ಜುಲೈ 2, ರಾತ್ರಿ 11:20

ಕುಕ್ಕರುಗಾಲಿನಲ್ಲಿ ಕೂರಲಾಗದೆ ಕೊನೆಯ ಹನ್ನೆರಡು ವರ್ಷ ಮಣೆಯ ಮೇಲೆ ಕುಳಿತು ತೆವಳುತ್ತಿದ್ದಳು. ಒಪ್ಪಿದೆ. ಮಾತು ಹಿಂದಕ್ಕೆ ತೆಗೆದುಕೊಂಡೆ.

---

ಜಂಬಿಟ್ಟಿಗೆ
ಜುಲೈ 3, ಬೆಳಿಗ್ಗೆ 7:05

ಶಿವಮೊಗ್ಗದಲ್ಲಿ ಕಟ್ಟಡ ವಿನ್ಯಾಸದ ಕೆಲಸ ಮಾಡುತ್ತೇನೆ. ಮೊದಲು ಲೆಕ್ಕ. ಮೂರು ಮೆಟ್ಟಿಲೆಂದರೆ 27 ಇಂಚು. ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ ಸುಗಮ್ಯತೆಯ (ಕಟ್ಟಡವನ್ನು ಎಲ್ಲರೂ ಸಲೀಸಾಗಿ ಬಳಸುವಂತಿಡುವ) ಮಾರ್ಗಸೂಚಿಯ ಪ್ರಕಾರ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಒಂದು ಇಂಚು ಇಳಿಯಲು ಒಂದು ಅಡಿ ಉದ್ದ ಬೇಕು. ಹಾಗಾದರೆ 27 ಅಡಿ ಉದ್ದದ ಇಳಿಜಾರು. ಹಿತ್ತಲಿನಲ್ಲಿ ಅಷ್ಟು ಜಾಗ ಇರಲಾರದು. ಇದ್ದರೂ ನಮ್ಮ ಮಳೆಗೆ ಪಾಚಿ ಕಟ್ಟಿ ಅದು ಜಾರುಬಂಡಿಯಾಗುತ್ತದೆ. ಮೆಟ್ಟಿಲ ಮೇಲೆ ಎರಡು ಹಲಗೆ ಹಾಸಿ "ರ‍್ಯಾಂಪ್ ಮಾಡಿದ್ದೇವೆ" ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕಿಂತ ಮೆಟ್ಟಿಲೇ ಮೇಲು.

ಆದ್ದರಿಂದ ಆಕೆಯನ್ನು ಕೆಳಗೆ ಇಳಿಸುವುದು ಹೇಗೆ ಎಂದು ಯೋಚಿಸಬೇಡಿ, ಒಗೆಯುವ ಜಾಗವನ್ನು ಮೇಲಕ್ಕೆ ತರುವುದು ಹೇಗೆ ಎಂದು ಯೋಚಿಸಿ. ಹಳೆಯ ಮನೆಗಳಲ್ಲಿ ಪಕ್ಕದ ಜಗುಲಿಯೊಂದು ಇದ್ದೇ ಇರುತ್ತದೆ. ಸೌದೆ, ಗೋಣಿಚೀಲ, ಮುರಿದ ತೊಟ್ಟಿಲು ಬಿದ್ದಿರುವ ಜಾಗ. ನಿಮ್ಮಲ್ಲಿ ಇದೆಯೆ? ಅಗಲ ಎಷ್ಟು?

---

ಕುಶಾವತಿ ದಂಡೆ
ಜುಲೈ 3, ಮಧ್ಯಾಹ್ನ 1:30

ಇದೆ! ಮುರಿದ ತೊಟ್ಟಿಲೂ ಇದೆ, ನಿಮಗೆ ಹೇಗೆ ಗೊತ್ತಾಯಿತು? ಅಳೆದು ನೋಡಿದೆ: ಏಳು ಅಡಿ ಅಗಲ, ಹದಿನಾರು ಅಡಿ ಉದ್ದ. ಮನೆಯ ನೆಲದ ಮಟ್ಟದಲ್ಲೇ ಇದೆ, ಮೇಲೆ ಹೆಂಚಿನ ಮಾಡು, ಹೊರಗಡೆಗೆ ಮರದ ಕಂಬಗಳು. ಒಂದು ತುದಿಯಲ್ಲಿ ಹಳೆಯ ಬಚ್ಚಲು. ಮಕ್ಕಳು ಮಲಗುವ ಕೋಣೆಯಿಂದ ಜಗುಲಿಗೆ ಬಾಗಿಲು ಇದೆ, ಇಲ್ಲಿಯೂ ಅದೇ ಅರ್ಧ ಗೇಣಿನ ಹೊಸ್ತಿಲು.

---

ಜಂಬಿಟ್ಟಿಗೆ
ಜುಲೈ 3, ರಾತ್ರಿ 8:48

ಏಳು ಅಡಿ ಎಂದು ಓದಿ ಖುಷಿಯಾಯಿತು. ಯಂತ್ರ ಮತ್ತು ತೊಟ್ಟಿಗೆ ಗೋಡೆಯ ಬದಿಯಲ್ಲಿ ಎರಡು ಅಡಿ ಹೋದರೆ ಐದು ಅಡಿ ಉಳಿಯುತ್ತದೆ. ಗಾಲಿಕುರ್ಚಿ ಪೂರ್ತಿ ತಿರುಗಲು 1,500 ಮಿ.ಮೀ. ವೃತ್ತ ಬೇಕು, ಐದಡಿ ಎಂದರೆ ಸರಿಯಾಗಿ ಅಷ್ಟೇ. ಬಾಗಿಲು ತೆರೆದಾಗ 900 ಮಿ.ಮೀ. ತೆರವು ಸಿಗಬೇಕು. ಹಳೆಯ ಬಾಗಿಲುಗಳು ಎರಡು ರೆಕ್ಕೆಯವು, ಎರಡನ್ನೂ ತೆರೆದರೆ ಸಾಮಾನ್ಯವಾಗಿ ಸಿಕ್ಕೀತು, ಅಳೆದು ನೋಡಿ.

ಇನ್ನೊಂದು ಲಾಭವನ್ನು ನೀವು ಗಮನಿಸಿಲ್ಲ. ಈಗ ಕೊಳೆ ಲಂಗೋಟಿ, ಹಾಸಿಗೆ ಬಟ್ಟೆಗಳೆಲ್ಲ ಅಡುಗೆಮನೆಯ ಮೂಲಕ ಹಾದು ಹೋಗುತ್ತಿವೆ. ಅದು ಆಗಬಾರದು. ಜಗುಲಿಗೆ ಬಂದರೆ ಮಲಗುವ ಕೋಣೆಯಿಂದ ನೇರ ಹೊರಗೆ. ಕೊಳೆ ಬಟ್ಟೆ ಒಂದು ತುದಿಯಿಂದ ಒಳಬರಲಿ, ನಂತರ ತೊಟ್ಟಿ, ನಂತರ ಯಂತ್ರ, ನಂತರ ಒಣಗಿಸುವ ಜಾಗ, ಕೊನೆಯಲ್ಲಿ ಮಡಿಸುವ ಮೇಜು. ಹಿಂದಕ್ಕೆ ಬರುವ ಪ್ರಶ್ನೆಯೇ ಇರಬಾರದು.

ಯಂತ್ರದ ವಿಷಯಕ್ಕೆ ಅಮೆರಿಕದ ಸುಗಮ್ಯತೆಯ ಮಾನದಂಡವನ್ನು ಎರವಲು ಪಡೆಯುತ್ತೇನೆ. ಅಲ್ಲಿ ಇದಕ್ಕೆಂದೇ ಅಳತೆ ಕೊಟ್ಟಿದ್ದಾರೆ: ಮುಂದಿನಿಂದ ಬಟ್ಟೆ ಹಾಕುವ ಯಂತ್ರವಾದರೆ ಬಾಯಿಯ ಕೆಳ ಅಂಚು ನೆಲದಿಂದ 15ರಿಂದ 36 ಇಂಚಿನೊಳಗೆ ಇರಬೇಕು, ಮೇಲಿನಿಂದ ಹಾಕುವುದಾದರೆ ಅದರ ಬಾಯಿ 36 ಇಂಚಿಗಿಂತ ಎತ್ತರ ಇರಬಾರದು. ನಿಮ್ಮ ಈಗಿನ ಯಂತ್ರದ ತಳದಿಂದ ಬಟ್ಟೆ ತೆಗೆಯಲು ಬಗ್ಗಿ ತೋಳು ಪೂರ್ತಿ ಇಳಿಬಿಡಬೇಕು. ಊರುಗೋಲಿನವರಿಗೆ ಅದು ಅಪಾಯ. ಮುಂದಿನಿಂದ ಬಟ್ಟೆ ಹಾಕುವ, ಅಂದರೆ ಮುಂಬಾಯಿಯ ಯಂತ್ರವನ್ನು ಅರ್ಧ ಅಡಿ ಎತ್ತರದ ಕಟ್ಟೆಯ ಮೇಲೆ ಇಟ್ಟರೆ ಮಂಡಿನೋವಿನವರೂ ಕುರ್ಚಿಯಲ್ಲಿ ಕುಳಿತು ಬಟ್ಟೆ ತೆಗೆಯಬಹುದು. ಕಟ್ಟೆ ಇಟ್ಟಿಗೆಯದಾಗಿರಲಿ. ಅಂಗಡಿಯಲ್ಲಿ ಸಿಗುವ ಗಾಲಿಯ ಸ್ಟ್ಯಾಂಡು ಬೇಡ, ಬಟ್ಟೆ ಹಿಂಡುವಾಗ ಯಂತ್ರ ಜಗುಲಿಯ ತುಂಬ ಓಡಾಡುತ್ತದೆ.

ಹೊಸ್ತಿಲನ್ನು ತೆಗೆಯಿರಿ. 12 ಮಿ.ಮೀ.ಗಿಂತ ಎತ್ತರದ ಅಡ್ಡಿ ಇರಕೂಡದು.

---

ತೊಟ್ಟಿಮನೆ
ಜುಲೈ 3, ರಾತ್ರಿ 9:30

"ಹೊಸ್ತಿಲನ್ನು ತೆಗೆಯಿರಿ" ಎಂದು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಲ್ಲ ಸರ್! ಹೊಸ್ತಿಲ ಪೂಜೆಯ ಮಾತು ಬಿಡಿ, ಅದು ಮುಂಬಾಗಿಲಲ್ಲ. ನಮ್ಮ ಹಿರಿಯರು ಅದನ್ನು ಎತ್ತರಕ್ಕೆ ಇಟ್ಟಿದ್ದು ಸುಮ್ಮನೆ ಅಲ್ಲ. ಗಾಳಿ ಬೀಸಿದರೆ ಇರಚಲು ಜಗುಲಿಯ ಅರ್ಧದವರೆಗೆ ಬರುತ್ತದೆ. ಹೊಸ್ತಿಲು ಇಲ್ಲದಿದ್ದರೆ ನೀರು ನೇರವಾಗಿ ಮಕ್ಕಳ ಹಾಸಿಗೆಗೆ ಹೋಗುತ್ತದೆ. ಜೊತೆಗೆ ಚೇಳು, ಹಾವು. ಬಾಗಿಲ ಕೆಳಗೆ ಸಂದು ಬಿಟ್ಟು ಕೂಸುಗಳನ್ನು ಮಲಗಿಸಲು ಯಾರು ಧೈರ್ಯ ಮಾಡುತ್ತಾರೆ?

---

ಜಂಬಿಟ್ಟಿಗೆ
ಜುಲೈ 4, ಬೆಳಿಗ್ಗೆ 6:50

ನ್ಯಾಯವಾದ ಆಕ್ಷೇಪ. ಬೆಂಗಳೂರಿನ ಫ್ಲ್ಯಾಟಿಗೆ ಬರೆದ ಹಾಗೆ ಬರೆದೆ.

ಹೊಸ್ತಿಲು ಮಾಡುತ್ತಿದ್ದ ಕೆಲಸವನ್ನು ಬೇರೆಯವರಿಗೆ ಹಂಚಬೇಕು. ನೀರು ತಡೆಯಲು, ಬಾಗಿಲ ಹೊರಗೆ ಬಾಗಿಲಿನಷ್ಟೇ ಅಗಲಕ್ಕೆ ಒಂದು ಸಣ್ಣ ಚರಂಡಿ ಕೊರೆದು ಮೇಲೆ ಜಾಲರಿ ಮುಚ್ಚಿ. ಜಾಲರಿಯ ಕಂಡಿ ಅರ್ಧ ಇಂಚಿಗಿಂತ ಸಣ್ಣದಿರಲಿ, ಇಲ್ಲದಿದ್ದರೆ ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಜಗುಲಿಯ ನೆಲವನ್ನು ಮನೆಯಿಂದ ಹೊರಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು ಮಾಡಿಸಿ. ನೀರಿಗೆ ಅಷ್ಟು ಸಾಕು, ಕಾಲಿಗೆ ಗೊತ್ತಾಗುವುದಿಲ್ಲ. ಇರಚಲಿಗೆ ಮಾಡನ್ನು ಎರಡು ಅಡಿ ಹೊರಚಾಚಿ. ಹುಳುಹುಪ್ಪಟೆಗೆ ಬಾಗಿಲಿನ ಕೆಳ ಅಂಚಿಗೆ ರಬ್ಬರ್ ಪಟ್ಟಿ, ಚರಂಡಿ ಹೊರಬೀಳುವಲ್ಲಿ ಸಣ್ಣ ಕಣ್ಣಿನ ಬಲೆ. ಸೌದೆಯ ರಾಶಿಯನ್ನು ಜಗುಲಿಯಿಂದ ದೂರ ಸಾಗಿಸಿ. ಹಾವು ಬರುವುದು ಸೌದೆಯ ಸಂದಿಯ ಇಲಿಗಾಗಿ, ಹೊಸ್ತಿಲು ಎಷ್ಟು ಎತ್ತರವಿದೆ ಎಂದು ನೋಡಿಕೊಂಡಲ್ಲ.

ಚೌಕಟ್ಟನ್ನು ಕೊಯ್ಯಲು ಯಜಮಾನರು ಒಪ್ಪದಿದ್ದರೆ ಜಗುಲಿಯ ನೆಲವನ್ನೇ ಹೊಸ್ತಿಲಿನ ಮಟ್ಟಕ್ಕೆ ಏರಿಸಿ, ಒಳಗಡೆ ಮಾತ್ರ ನಾಲ್ಕೂವರೆ ಅಡಿಯ ಸಣ್ಣ ಮರದ ಇಳಿಜಾರು ಇಡಬಹುದು. ಬಾಡಿಗೆ ಬಿಟ್ಟಾಗ ಎತ್ತಿಕೊಂಡು ಹೋಗಬಹುದು.

---

ಗಾಲಿಕುರ್ಚಿಯ ಅಮ್ಮ
ಜುಲೈ 4, ಬೆಳಿಗ್ಗೆ 11:15

ನಾಲ್ಕು ವರ್ಷದ ಮಗಳನ್ನು ಇಂಥ ಕೇಂದ್ರವೊಂದಕ್ಕೆ ಬಿಡುವ ತಾಯಿ ನಾನು. ಊರು ಹೇಳುವುದಿಲ್ಲ. ಅಲ್ಲಿ ಸಂಜೆ ಮಗುವಿನ ಒದ್ದೆ ಬಟ್ಟೆಯ ಚೀಲವನ್ನು ಒಂದು ಮೊಳೆಗೆ ನೇತುಹಾಕಿರುತ್ತಾರೆ, ನನ್ನ ತಲೆಯಿಂದ ಎರಡಡಿ ಮೇಲೆ. ದಿನವೂ ಯಾರನ್ನಾದರೂ ಕರೆಯಬೇಕು. ಕರೆದರೆ ಬಂದು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಮಗಳು ನೋಡುತ್ತಿರುತ್ತಾಳೆ.

ಕುಶಾವತಿ ಅವರೇ, ನಿಮ್ಮ ಬರಹದಲ್ಲಿ ನನಗೆ ಚುಚ್ಚಿದ್ದು ಮೆಟ್ಟಿಲಲ್ಲ, ಆ ಆರಡಿಯ ಹಲಗೆ. ಕುಳಿತವರ ಕೈ ನೆಲದಿಂದ ಸುಮಾರು 1,200 ಮಿ.ಮೀ. ತನಕ ಮಾತ್ರ ಎಟಕುತ್ತದೆ. ಊರುಗೋಲಿನವಳು ಆ ಹಲಗೆಯಿಂದ ಬ್ಲೀಚಿಂಗ್ ಡಬ್ಬಿ ತೆಗೆಯಬೇಕಾದರೆ ಏನು ಮಾಡುತ್ತಾಳೆ? ಊರುಗೋಲು ಗೋಡೆಗೆ ಒರಗಿಸಿ, ಒಂದೇ ಕಾಲಿನ ಮೇಲೆ ಒದ್ದೆ ನೆಲದಲ್ಲಿ ನಿಂತು ಕೈಚಾಚುತ್ತಾಳೆ. ಹೌದೋ ಅಲ್ಲವೋ ನೋಡಿ ಹೇಳಿ.

---

ಕುಶಾವತಿ ದಂಡೆ
ಜುಲೈ 4, ಸಂಜೆ 6:20

ಹೌದು. ಇವತ್ತು ನಿಂತು ನೋಡಿದೆ. ಎರಡು ವರ್ಷದಿಂದ ದಿನಾ ಹಾಗೇ ತೆಗೆಯುತ್ತಿದ್ದಾಳೆ. ನಾನು ಒಮ್ಮೆಯೂ ನೋಡಿರಲಿಲ್ಲ.

ಆದರೆ ಕೆಳಗೆ ಇಟ್ಟರೆ ಮಕ್ಕಳ ಕೈಗೆ ಸಿಗುತ್ತದಲ್ಲ? ನಮ್ಮಲ್ಲಿ ಐದು ವರ್ಷದವನೊಬ್ಬ ಕಿಟಕಿಯ ಸರಳು ಹಿಡಿದು ಜಂತೆಯವರೆಗೆ ಹತ್ತುತ್ತಾನೆ.

---

ಬಾಲವಾಡಿ ಟೀಚರ್
ಜುಲೈ 4, ರಾತ್ರಿ 8:05

ಈ ಚರ್ಚೆಯ ಗಂಟು ಇರುವುದು ಇಲ್ಲೇ. ಕುಳಿತ ದೊಡ್ಡವರಿಗೆ ಎಟಕುವುದೆಲ್ಲ ನಿಂತ ಐದು ವರ್ಷದವನಿಗೂ ಎಟಕುತ್ತದೆ. ನಾವೆಲ್ಲ ಎತ್ತರವನ್ನೇ ಬೀಗ ಎಂದುಕೊಂಡಿದ್ದೇವೆ. ಎತ್ತರ ತಡೆಯುವುದು ಕಾಲು ಸೋತವರನ್ನು, ಕುಳ್ಳಗಿರುವ ಆಯಾಗಳನ್ನು, ಹೆಗಲು ಹಿಡಿದುಕೊಂಡವರನ್ನು. ಹತ್ತಲು ಬಲ್ಲ ಹುಡುಗನನ್ನಲ್ಲ. ಅವನಿಗೆ ಒಂದು ಬಕೆಟ್ಟು ಬೋರಲು ಹಾಕಿಕೊಂಡರೆ ಸಾಕು.

ನಾನು 26 ವರ್ಷ ಮಕ್ಕಳ ನಡುವೆ ಇದ್ದವಳು. ನನ್ನ ಕ್ರಮ ಹೀಗೆ: ವಿಷದ ವಸ್ತುವೆಲ್ಲ ಸೊಂಟದ ಎತ್ತರದ ಒಂದು ಕಪಾಟಿನಲ್ಲಿ, ಅದಕ್ಕೆ ನಿಜವಾದ ಬೀಗ, ಕೀಲಿಕೈ ಕೆಲಸದವರ ಕೊರಳ ದಾರದಲ್ಲಿ. ಜಗುಲಿಯ ಬಾಗಿಲಿಗೆ ಒಂದು ಗಿಡ್ಡ ಬಾಗಿಲು, ಅಗುಳಿಯನ್ನು ಎತ್ತಿ ಅದೇ ಹೊತ್ತಿಗೆ ತಳ್ಳಿದರೆ ಮಾತ್ರ ತೆರೆಯುವಂಥದ್ದು. ಇದನ್ನೂ ಮಕ್ಕಳು ಕಲಿಯುತ್ತಾರೆ, ಬೇಗ ಕಲಿಯುತ್ತಾರೆ. ಅದಕ್ಕೇ ಎರಡನೆಯ ಬೀಗ ಕಪಾಟಿನಲ್ಲಿ. ಗಿಡ್ಡ ಬಾಗಿಲು ಇದ್ದರೆ ಬಟ್ಟೆ ಹಾಕುತ್ತಲೇ ಮಲಗಿದ ಮಕ್ಕಳ ಮೇಲೆ ಕಣ್ಣಿಡಬಹುದು.

ಈ ವಿಷದ ಡಬ್ಬಿಗಳಿಗಿಂತ ನನಗೆ ನೀರಿನ ಭಯ ಹೆಚ್ಚು. ಈಗಷ್ಟೇ ನಿಲ್ಲಲು ಕಲಿತ ಕೂಸು ಬಕೆಟ್ಟಿನೊಳಗೆ ಬಗ್ಗಿದರೆ ತಲೆಯ ಭಾರಕ್ಕೆ ಮುಗ್ಗರಿಸಿ ಒಳಗೆ ಬೀಳುತ್ತದೆ. ಮತ್ತೆ ಏಳಲಾರದು. ಮುಳುಗಲು ನಾಲ್ಕು ಬೆರಳು ನೀರು ಸಾಕು, ಕೂಗೂ ಕೇಳಿಸುವುದಿಲ್ಲ. ನೆನೆಹಾಕಿದ ಬಕೆಟ್ಟುಗಳನ್ನು ರಾತ್ರಿಯವರೆಗೆ ಇಡುವ ಪದ್ಧತಿಯನ್ನೇ ಬಿಡಿ. ಕೆಲಸ ಮುಗಿದ ಕೂಡಲೇ ನೀರು ಚೆಲ್ಲಿ ಬೋರಲು ಹಾಕಬೇಕು. ಮುಂಬಾಯಿಯ ಯಂತ್ರವೂ ಮಕ್ಕಳಿಗೆ ಗುಹೆಯಂತೆ ಕಾಣುತ್ತದೆ, ಒಳಹೊಕ್ಕು ಕೂರುತ್ತಾರೆ. ಮಕ್ಕಳ ಲಾಕ್ ಎಂದು ಯಂತ್ರದ ಮೇಲೆ ಇರುವುದು ಸಾಮಾನ್ಯವಾಗಿ ಗುಂಡಿಗಳನ್ನಷ್ಟೇ ಕಟ್ಟುತ್ತದೆ. ಬಟ್ಟೆ ಹಾಕುವ ಮುನ್ನ ಒಳಗೆ ಕೈಯಾಡಿಸಿ ನೋಡುವುದು ಅಭ್ಯಾಸವಾಗಲಿ.

---

ಹಳೇ ವೈರ್‌ಮನ್
ಜುಲೈ 5, ಬೆಳಿಗ್ಗೆ 8:30

ನೀರು ಇದ್ದಲ್ಲಿ ಕರೆಂಟು ತರುತ್ತಿದ್ದೀರಿ, ಆದ್ದರಿಂದ ನನ್ನದೂ ಎರಡು ಮಾತು. ನೀರು ಕಾಯಿಸುವ ಮುಂಬಾಯಿಯ ಯಂತ್ರ 2,000 ವ್ಯಾಟಿನ ಆಸುಪಾಸು ಎಳೆಯುತ್ತದೆ. 16 ಆ್ಯಂಪಿಯರ್ ಪ್ಲಗ್ಗು, ಬೋರ್ಡಿನಿಂದ ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ. ಈ ಕೊನೆಯದನ್ನು ಉಳಿಸಲು ಹೋಗಬೇಡಿ, ಜೀವ ಉಳಿಸುವುದು ಅದೇ. ಸ್ವಿಚ್ಚನ್ನು ಯಂತ್ರದ ಹಿಂದೆ ಇಡಬೇಡಿ. ಪಕ್ಕದಲ್ಲಿ, ನೆಲದಿಂದ ಮೂರೂವರೆ ಅಡಿಯಲ್ಲಿ, ನೀರು ಸಿಡಿಯದಂತೆ ಮುಚ್ಚಳವಿರುವ ಪೆಟ್ಟಿಗೆಯೊಳಗೆ. ಇನ್ವರ್ಟರ್ ಮೇಲೆ ಇದು ಓಡುವುದಿಲ್ಲ, ಕರೆಂಟು ಇರುವ ಹೊತ್ತು ನೋಡಿ ಬಟ್ಟೆ ಹಾಕಿ.

ಗ್ಯಾಸ್ ಗೀಸರ್ ಇದ್ದರೆ ಮುಚ್ಚಿದ ಬಚ್ಚಲಿನೊಳಗೆ ಖಂಡಿತ ಬೇಡ. ವಾಸನೆಯಿಲ್ಲದ ವಿಷಗಾಳಿ ತುಂಬುತ್ತದೆ. ಬಿಸಿನೀರಿನ ನಲ್ಲಿಯೂ ಹಾಗೆಯೇ ಎಚ್ಚರ: ಯಂತ್ರದೊಳಗೆ 60 ಡಿಗ್ರಿ ಇರಲಿ, ಒಳ್ಳೆಯದೇ. ಆದರೆ 60 ಡಿಗ್ರಿಯ ನೀರು ನಲ್ಲಿಯಲ್ಲಿ ಬಂದರೆ ದೊಡ್ಡವರ ಚರ್ಮವನ್ನೇ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, ಮಕ್ಕಳದ್ದು ಇನ್ನೂ ಬೇಗ.

ಕಿವಿ ಕೇಳದವರು ಯಾರಾದರೂ ಕೆಲಸಕ್ಕೆ ಬರುವ ಹಾಗಿದ್ದರೆ, ಕೆಲಸ ಮುಗಿದಾಗ ಪೀಪಿ ಊದುವುದಲ್ಲದೆ ದೀಪವನ್ನೂ ತೋರಿಸುವ ಯಂತ್ರ ಕೊಳ್ಳಿ.

---

ಕುಶಾವತಿ ದಂಡೆ
ಜುಲೈ 6, ರಾತ್ರಿ 9:10

ಒಗೆಯುವುದು ಬಗೆಹರಿಯುತ್ತಿದೆ. ಒಣಗಿಸುವುದು? ಇವತ್ತಿಗೆ ಹನ್ನೊಂದು ದಿನ ಬಿಸಿಲು ಕಂಡಿಲ್ಲ. ಪುಟ್ಟ ಲಂಗೋಟಿಗಳಿಗೆ ಕೂಡ ಮುಗ್ಗಲು ವಾಸನೆ, ಹಾಸಿಗೆ ಬಟ್ಟೆಯ ಮೇಲೆ ಕಪ್ಪು ಚುಕ್ಕಿ ಬೂಸ್ಟು. ಎರಡು ಮಕ್ಕಳಿಗೆ ತೊಡೆಸಂದಿಯಲ್ಲಿ ಕೆಂಪಾಗಿದೆ. ಚೊಗರು ಅವರು ಹೇಳಿದ ಅಟ್ಟವನ್ನು ಬಳಸಲೇ?

---

ಸೊರಬದ ಆಶಾ
ಜುಲೈ 6, ರಾತ್ರಿ 9:55

ಹೊಗೆ ಬೇಡ ಅಕ್ಕಾ. ಕೂಸುಗಳ ಎದೆಗೆ ಒಳ್ಳೆಯದಲ್ಲ. ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟು ಬಾಗಿಲು ಮುಚ್ಚುವುದಂತೂ ಬೇಡವೇ ಬೇಡ. ಮೇಲೆ ವೈರ್‌ಮನ್ ಅಣ್ಣ ಹೇಳಿದ ಅದೇ ವಿಷಗಾಳಿ ಅಲ್ಲಿಯೂ.

ನಾನು ಬರೆಯಲು ಬಂದದ್ದು ಬೇರೆ ವಿಷಯ. ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು. ಅದು ಉಣ್ಣೆ ಎಂಬ ರಕ್ತ ಹೀರುವ ಹುಳುವಿನಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿಗೆ ಸೌದೆಗೋ ತರಗಿಗೋ ಹೋಗಿಬಂದ ತಾಯಂದಿರು ಅದೇ ಸೀರೆಯಲ್ಲಿ ಕೇಂದ್ರಕ್ಕೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆ, ಅದೇ ಚೀಲದಲ್ಲಿ ಮಗುವಿನ ದುಪ್ಪಟಿ ತರುತ್ತಾರೆ. ಆ ಚೀಲ ಮಲಗುವ ಕೋಣೆಗೆ ಹೋಗಬಾರದು. ಹೊರಬಾಗಿಲಿನಲ್ಲೇ ಮುಚ್ಚಳದ ಡಬ್ಬ ಇಟ್ಟು ಅದರೊಳಗೆ ಹಾಕಿಸಿ, ಬಟ್ಟೆಯನ್ನು ಬಿಸಿನೀರು ಸೋಪಿನಲ್ಲಿ ಒಗೆಯಿರಿ.

ಈಗ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಮೈಲುತುತ್ತ ಸುಣ್ಣ ಮೆತ್ತಿದ ಬಟ್ಟೆಯನ್ನು ಯಾರಾದರೂ "ಮೆಷಿನ್ ಇದೆಯಲ್ಲ, ಜೊತೆಗೆ ಹಾಕಿಬಿಡಿ" ಎಂದು ತಂದುಕೊಟ್ಟರೆ ಮುಲಾಜಿಲ್ಲದೆ ವಾಪಸು ಕಳುಹಿಸಿ. ಮಕ್ಕಳ ಬಟ್ಟೆಯ ಯಂತ್ರಕ್ಕೆ ತೋಟದ ಬಟ್ಟೆ ಹೋಗಬಾರದು. ಇಂಬಳ (ಜಿಗಣೆ) ಕಚ್ಚಿದ ರಕ್ತದ ಕಲೆಯಾದರೆ ತಣ್ಣೀರಿನಲ್ಲಿ ಮೊದಲು ಜಾಲಿಸಿ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಬ್ಲೀಚಿಂಗ್ ಮತ್ತು ಪಾಯಿಖಾನೆ ತೊಳೆಯುವ ಆ್ಯಸಿಡ್ ಒಂದೇ ಕಪಾಟಿನಲ್ಲಿದ್ದರೂ ಬೇರೆ ಬೇರೆ ಖಾನೆಯಲ್ಲಿರಲಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಡಬ್ಬಿಗಳ ಬಣ್ಣ ಮಾತ್ರವಲ್ಲ, ಆಕಾರವೂ ಬೇರೆ ಇರಲಿ, ಕಣ್ಣು ಮಂದವಾದವರು ಮುಟ್ಟಿ ಗುರುತಿಸಬಹುದು. ನಿಮ್ಮ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬ್ಲೀಚಿಂಗ್ ಹಾಕಿದಷ್ಟೂ ಬಟ್ಟೆ ಕೆಂಪಾಗುತ್ತದೆ. ಕೊಳೆ ಎಂದುಕೊಂಡು ಇನ್ನಷ್ಟು ಹಾಕಬೇಡಿ.

---

ಅಡಿಕೆ ಚೊಗರು
ಜುಲೈ 7, ಬೆಳಿಗ್ಗೆ 6:30

ಅಟ್ಟದ ಸಲಹೆಯನ್ನೂ ಹಿಂದಕ್ಕೆ ತೆಗೆದುಕೊಂಡೆ. ಈ ಚರ್ಚೆಯಲ್ಲಿ ನನಗೆ ಬರೀ ಹಿಂದಕ್ಕೆ ತೆಗೆದುಕೊಳ್ಳುವುದೇ ಕೆಲಸವಾಯಿತು. ಆದರೆ ಒಣಗಿಸುವುದು ನಮ್ಮ ಕಸುಬು, ಅದರಲ್ಲಿ ಮಾತ್ರ ನನ್ನ ಮಾತು ಕೇಳಿ.

ಬೇಯಿಸಿದ ಅಡಿಕೆಯನ್ನು ಒಣಗಿಸಲು ಪಾರದರ್ಶಕ ಹಾಳೆಯ ಸೋಲಾರ್ ಮನೆ ಮಾಡುತ್ತೇವಲ್ಲ, ಜಗುಲಿಯ ಹೊರಬದಿಗೆ ಅದೇ ಹಾಳೆಯನ್ನು ಕಂಬದಿಂದ ಕಂಬಕ್ಕೆ ಕಟ್ಟಿ. ಕೆಳಗೆ ಒಂದು ಗೇಣು, ಮಾಡಿನ ಕೆಳಗೆ ಒಂದು ಗೇಣು ತೆರವು ಬಿಡಿ. ತಣ್ಣನೆಯ ಗಾಳಿ ಕೆಳಗಿಂದ ಬಂದು ಬಿಸಿಯಾಗಿ, ತೇವ ಹೊತ್ತು ಮೇಲಿನಿಂದ ಹೋಗಬೇಕು. ಮೇಲೆ ತೆರವು ಬಿಡದಿದ್ದರೆ ಅದು ಒಣಗಿಸುವ ಮನೆಯಲ್ಲ, ಹಬೆಯ ಮನೆ. ನಾನು ಮೊದಲ ವರ್ಷ ಹಾಗೆ ಮಾಡಿ ನಾಲ್ಕು ಕ್ವಿಂಟಲ್ ಅಡಿಕೆಗೆ ಬೂಸ್ಟು ಹಿಡಿಸಿದ್ದೇನೆ.

ಇದು ಬಿಸಿಲು ಇಣುಕುವ ದಿನಗಳಿಗೆ. ಆರಿದ್ರಾ, ಪುನರ್ವಸು, ಪುಷ್ಯ, ಈ ಮೂರು ಮಳೆಗೆ ಯಾವ ಹಾಳೆಯೂ ಉಪಯೋಗಕ್ಕಿಲ್ಲ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆಯಲ್ಲಿ ದೊಡ್ಡ ಪಾಲು ಈ ಆಸುಪಾಸಿನಲ್ಲೇ ಸುರಿಯುತ್ತದೆ. ಗಾಳಿಯೇ ನೀರು ಕುಡಿದು ಕೂತಿರುವಾಗ ಬಟ್ಟೆಯ ನೀರನ್ನು ಅದು ಎಲ್ಲಿಗೆ ಕೊಂಡೊಯ್ಯಬೇಕು?

---

ಜಂಬಿಟ್ಟಿಗೆ
ಜುಲೈ 7, ಬೆಳಿಗ್ಗೆ 9:00

ಚೊಗರು ಅವರ ಮಾತಿಗೆ ನನ್ನದೊಂದು ಬಾಲಂಗೋಚಿ. ಆ ಮೂರು ಮಳೆಯ ದಿನಗಳಿಗೆ ಹಳೆಯ ಬಚ್ಚಲನ್ನೇ ಒಣಕೋಣೆ ಮಾಡಿ. ಸಣ್ಣದು, ಗೋಡೆ ಗಟ್ಟಿ, ಕಿಟಕಿ ಒಂದೇ. ತೇವ ಹೀರುವ ಯಂತ್ರ ಒಂದನ್ನು ಅಲ್ಲಿ ಇಟ್ಟು, ಕಿಟಕಿ ಬಾಗಿಲು ಮುಚ್ಚಿ, ಬಟ್ಟೆಯ ಮೇಲೆ ಹಾಯುವಂತೆ ಫ್ಯಾನು ಹಾಕಿ. ಕಿಟಕಿ ತೆರೆದಿಟ್ಟು ಅದನ್ನು ಓಡಿಸಿದರೆ ಇಡೀ ಮಲೆನಾಡಿನ ಮಳೆಯನ್ನು ಹಿಂಡಲು ಹೊರಟಂತೆ. ಅದರ ನೀರಿನ ಡಬ್ಬಿಯನ್ನು ದಿನವೂ ಎತ್ತಿ ಚೆಲ್ಲುವ ಬದಲು ಹಿಂದಿನ ಕೊಳವೆಯನ್ನು ನೇರ ಮೋರಿಗೆ ಬಿಡಿ. ಒಗೆಯುವ ಯಂತ್ರದಲ್ಲಿ ಕೊನೆಯ ಹಿಂಡುವಿಕೆಯನ್ನು ಎರಡು ಸಲ ಮಾಡಿಸಿ. ಯಂತ್ರ ಹಿಂಡಿ ತೆಗೆದ ನೀರನ್ನು ಗಾಳಿ ಒಣಗಿಸಬೇಕಾಗಿಲ್ಲ.

ಬಟ್ಟೆಯ ಗಳವನ್ನು ರಾಟೆಗೆ ಕಟ್ಟಿ. ಸೊಂಟದ ಎತ್ತರಕ್ಕೆ ಇಳಿಸಿ ಬಟ್ಟೆ ಹರವಿ, ಮೇಲಕ್ಕೆ ಎಳೆದರಾಯಿತು. ಬಕೆಟ್ಟು ಹೊರುವುದನ್ನು ನಿಲ್ಲಿಸಿ. ಹದಿನೈದು ಲೀಟರ್ ನೀರೆಂದರೆ ಹದಿನೈದು ಕಿಲೋ. ನೀರಿಗೆ ಪೈಪು, ಬಟ್ಟೆಗೆ ಗಾಲಿಯ ಬುಟ್ಟಿ.

---

ಬಾಲವಾಡಿ ಟೀಚರ್
ಜುಲೈ 7, ಬೆಳಿಗ್ಗೆ 9:40

ರಾಟೆಯ ಹಗ್ಗ! ಜೋತುಬಿದ್ದ ಹಗ್ಗ ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಅದನ್ನು ಸುತ್ತಿಡುವ ಕೊಕ್ಕೆ ಎಷ್ಟು ಎತ್ತರದಲ್ಲಿ ಎಂದು ಮೊದಲು ಹೇಳಿ.

---

ಜಂಬಿಟ್ಟಿಗೆ
ಜುಲೈ 7, ಬೆಳಿಗ್ಗೆ 9:52

ಐದಡಿ ಎಂದು ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ಗಾಲಿಕುರ್ಚಿಯ ಅಮ್ಮನವರು ಬಿಡುವುದಿಲ್ಲ. ಮೂರೂವರೆ ಅಡಿಯಲ್ಲಿ, ಬೀಗ ಹಾಕುವ ಸಣ್ಣ ಪೆಟ್ಟಿಗೆಯೊಳಗೆ ಹಗ್ಗದ ತುದಿ.

---

ಗಾಲಿಕುರ್ಚಿಯ ಅಮ್ಮ
ಜುಲೈ 7, ಮಧ್ಯಾಹ್ನ 12:10

ಕಲಿಯುತ್ತಿದ್ದೀರಿ.

ಮಗುವಿನ ಬಟ್ಟೆ ಬದಲಿಸುವ ಕಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ಸೊಂಟದ ಎತ್ತರದ ಕಟ್ಟೆ ಕೂಸುಗಳಿಗೆ ಸರಿ. ನಡೆಯಲಾಗದ ನಾಲ್ಕೈದು ವರ್ಷದ ಮಗುವನ್ನು ಅದರ ಮೇಲೆ ಎತ್ತಿ ಮಲಗಿಸುವವರ ಸೊಂಟ ಉಳಿಯುವುದಿಲ್ಲ. ಅಂಥ ಮಗುವನ್ನು ಬಚ್ಚಲ ನೆಲದ ಮೇಲೆ ಮಲಗಿಸಿ ಬಟ್ಟೆ ಬದಲಿಸುವುದನ್ನು ಕಂಡಿದ್ದೇನೆ. ಗೋಡೆಗೆ ಮಡಚುವ, ಒಂದೂವರೆ ಅಡಿ ಎತ್ತರದ ಅಗಲ ಹಲಗೆ ಇರಲಿ. ಮಗು ಕುರ್ಚಿಯಿಂದ ತಾನೇ ಸರಿದು ಕೂರಬಹುದು, ನನ್ನಂಥವಳು ಪಕ್ಕದಲ್ಲಿ ನಿಂತ ಗಾಲಿಕುರ್ಚಿಯಿಂದಲೇ ಬಟ್ಟೆ ಬದಲಿಸಬಹುದು. ಪಕ್ಕದಲ್ಲೇ ಕೈತೊಳೆಯುವ ನಲ್ಲಿ, ತಿರುಗಿಸುವುದಲ್ಲ, ಮೊಣಕೈಯಿಂದ ತಳ್ಳುವುದು. ಬೇಸಿನ್ನಿನ ಕೆಳಗೆ ಕಪಾಟು ಕಟ್ಟಬೇಡಿ, ಮಂಡಿ ಹೋಗಲು ಜಾಗ ಬೇಕು.

---

ತೊಟ್ಟಿಮನೆ
ಜುಲೈ 7, ರಾತ್ರಿ 8:20

ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಾದ ಕೂಸಿನ ಮನೆಗಳಿಗೂ ಯಾರಾದರೂ ಇಂಥ ಅಳತೆ ಬರೆದುಕೊಟ್ಟರೆ ಚೆನ್ನಾಗಿತ್ತು. ಪುಟ್ಟ ಮಕ್ಕಳೆಂದರೆ ದಿನವಿಡೀ ಒದ್ದೆ ಬಟ್ಟೆಯದೇ ಕಾರುಬಾರು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನೆಯ ವ್ಯವಸ್ಥೆ ಮಾಡಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದರು, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಎರಡೂ ಕಾಯ್ದೆಗಳು ಮುಂಬಾಗಿಲಿನಿಂದ ಒಳಗೆ ಬರುತ್ತವೆ, ಹಿತ್ತಲಿನವರೆಗೆ ನಡೆದು ಬರುವಷ್ಟರಲ್ಲಿ ಸುಸ್ತಾಗುತ್ತವೆ.

---

ಕುಶಾವತಿ ದಂಡೆ
ಆಗಸ್ಟ್ 24, ರಾತ್ರಿ 9:15

ಏಳು ವಾರ ಮೌನವಾಗಿದ್ದುದಕ್ಕೆ ಕ್ಷಮಿಸಿ. ಗಾರೆಯವರು ಸಿಕ್ಕಿದರೆ ಮಳೆ, ಮಳೆ ಬಿಟ್ಟರೆ ಅವರಿಗೆ ತೋಟದ ಕೆಲಸ.

ಚೌಕಟ್ಟು ಕೊಯ್ಯಲು ಯಜಮಾನರು ಒಪ್ಪಲಿಲ್ಲ, ಜಗುಲಿಯನ್ನೇ ಏರಿಸಿದೆವು. ಒಳಗೆ ಮರದ ಇಳಿಜಾರು. ಮುಂಬಾಯಿಯ ಯಂತ್ರವನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡೆ, ಕಟ್ಟೆಯ ಮೇಲೆ ಕೂರಿಸಿದ್ದೇವೆ. ಬೀಗದ ಕಪಾಟು, ಗಿಡ್ಡ ಬಾಗಿಲು, ಆರ್‌ಸಿಸಿಬಿ ಆಗಿವೆ. ನೆಲಕ್ಕೆ ಒರಟು ಹೆಂಚು ಹಾಸಿ, ನಡೆಯುವ ದಾರಿಯ ಎರಡೂ ಅಂಚಿಗೆ ಹಳದಿ ಪಟ್ಟಿ ಎಳೆಸಿದೆ. ಒಟ್ಟು 1,63,000 ಆಯಿತು. ತೇವ ಹೀರುವ ಯಂತ್ರಕ್ಕೆ ಹಣ ಸಾಲಲಿಲ್ಲ, ಬಚ್ಚಲಿನಲ್ಲಿ ಸದ್ಯಕ್ಕೆ ಫ್ಯಾನು ಮತ್ತು ಇಸ್ತ್ರಿಪೆಟ್ಟಿಗೆಯ ಆಸರೆ. ಮಘಾ ಮಳೆಯಲ್ಲಿ ನಡುನಡುವೆ ಬಿಸಿಲು ಬರುತ್ತಿರುವುದರಿಂದ ಚೊಗರು ಅವರ ಹಾಳೆ ಕೆಲಸ ಮಾಡುತ್ತಿದೆ.

ಎರಡು ತಪ್ಪಾಗಿವೆ. ಒಂದು, ಜಾಲರಿ. ಅರ್ಧ ಇಂಚು ಎಂದು ಹೇಳಿದ್ದರೂ ಅಂಗಡಿಯಲ್ಲಿ ಇದ್ದದ್ದನ್ನೇ ಗಾರೆಯವರು ತಂದು ಕೂರಿಸಿದರು, ಮೊದಲ ದಿನವೇ ಊರುಗೋಲಿನ ತುದಿ ಸಿಕ್ಕಿಕೊಂಡಿತು. ಬದಲಿಸಲು ಹೇಳಿದ್ದೇನೆ. ಎರಡನೆಯದು, ಕೀಲಿಕೈಯ ದಾರ. ಮಕ್ಕಳನ್ನು ಎತ್ತಿಕೊಂಡಾಗ ಅವು ಅದನ್ನೇ ಹಿಡಿದು ಎಳೆಯುತ್ತವೆ. ಈಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಅವಳಿಗೆ ಹೇಗೆ ಅನ್ನಿಸುತ್ತದೆ ಎಂದು ಕೇಳಿದೆ. "ಎಲ್ಲ ಸರಿ ಅಕ್ಕಾ, ಮಡಿಸುವ ಮೇಜು ಒಂದು ಬೆರಳು ಎತ್ತರವಾಯಿತು" ಎಂದಳು. ನನಗೆ ಸರಿಹೋಗುವ ಎತ್ತರಕ್ಕೆ ಅಳತೆ ಕೊಟ್ಟಿದ್ದೆ.

---

ಗಾಲಿಕುರ್ಚಿಯ ಅಮ್ಮ
ಆಗಸ್ಟ್ 24, ರಾತ್ರಿ 9:50

ಕಾಲು ಮರದವಾಗಿದ್ದರೆ ಬಡಗಿಯಿಂದ ಒಂದು ಬೆರಳು ಕೊಯ್ಯಿಸಿಬಿಡಿ. ಈ ಸಲ ಅಳತೆ ಅವಳೇ ಹಿಡಿಯಲಿ.